ಕಂಡದ್ದು, ಕೇಳಿದ್ದು, ಅನಿಸಿದ್ದು

ಯುವಜನರ ಅಧ್ಯಯನ ಪಾಠ

ಓದಿಕೊಂಡು ಬರಬೇಕಾದ ಭಾಗಗಳು: ಪ್ರೇಷಿತರ ಕಾರ್ಯಕಲಾಪಗಳು 6:1-7, ಸಿರಾಖ 19:13-17, ಜ್ಞಾನೋಕ್ತಿಗಳು 18:13-17, ಯಕೋಬ 1:19 ಮತ್ತು 3:1-10, ಎಫೆಸಿಯರಿಗೆ 4:25-32.

ಈ ತಿಂಗಳ ಕೂಟಕ್ಕೆ ಆರಿಸಿಕೊಂಡ ವಿಷಯ ನಮ್ಮೆಲ್ಲರ ಅಂಗೈಯಲ್ಲೇ ಇರುವಂಥದ್ದು. ಬೆಳಿಗ್ಗೆ ಎದ್ದು ಫೋನು ತೆರೆದರೆ ವಾರ್ಡಿನ ಗುಂಪು, ಹಳೆ ವಿದ್ಯಾರ್ಥಿಗಳ ಗುಂಪು, ಕ್ಲಬ್ಬಿನ ಗುಂಪು, ಕುಟುಂಬದ ಗುಂಪು ಎಲ್ಲದರಲ್ಲೂ ಊರಿನ ಸುದ್ದಿ ಬಂದು ಬಿದ್ದಿರುತ್ತದೆ. ಬಸ್ಸು ನಿಂತದ್ದು, ನಳ್ಳಿಯಲ್ಲಿ ನೀರು ಬಾರದ್ದು, ರಸ್ತೆ ಬದಿ ಕಸ ಸುರಿದದ್ದು, ಶಾಲೆಗೆ ಹೊಸ ಅಧ್ಯಾಪಕರು ಬಂದದ್ದು, ಯಾರದೋ ಮನೆಗೆ ಬ್ಯಾಂಕಿನವರು ಬಂದದ್ದು. ಸುದ್ದಿ ಒಂದು ಸಾಲು, ಅದರ ಕೆಳಗೆ ಅಭಿಪ್ರಾಯ ಐವತ್ತು ಸಾಲು.

ನಮ್ಮ ಕಾಸರಗೋಡಿನ ಕಡೆ ಈ ವಿಷಯಕ್ಕೆ ಇನ್ನೊಂದು ತೂಕವೂ ಇದೆ. ನಮ್ಮಲ್ಲಿ ಅನೇಕರಿಗೆ ಮನೆಯ ಪ್ರಾರ್ಥನೆ ಕೊಂಕಣಿಯಲ್ಲಿ, ಪೇಟೆಯ ಮಾತು ತುಳುವಿನಲ್ಲಿ, ಶಾಲೆಯ ಓದು ಕನ್ನಡದಲ್ಲಿ, ಕಚೇರಿಯ ಕಾಗದ ಮಲಯಾಳದಲ್ಲಿ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಹೀಗೆಯೇ ಬದುಕಿದ್ದೇವೆ. ಹಾಗಾಗಿ ಒಂದೇ ಸುದ್ದಿಯನ್ನು ನಾಲ್ಕು ಭಾಷೆಯವರು ಓದುತ್ತಾರೆ. ಬೇಜವಾಬ್ದಾರಿಯಿಂದ ಬರೆದ ಒಂದು ಸಾಲು, ಭಾನುವಾರ ಒಂದೇ ಬೆಂಚಿನಲ್ಲಿ ಕೂರುವವರ ನಡುವೆ ಗೋಡೆ ಎಬ್ಬಿಸಬಹುದು.

ಹಾಗಾದರೆ ಅಭಿಪ್ರಾಯವನ್ನೇ ಹೇಳಬಾರದೇ? ಸುಮ್ಮನಿರುವುದೇ ಒಳ್ಳೆಯ ಕ್ರೈಸ್ತನ ಲಕ್ಷಣವೇ? ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ.

1. ಆದಿಸಭೆಯಲ್ಲೂ ದೂರು ಇತ್ತು

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆಯಿರಿ. ಜೆರುಸಲೇಮಿನ ಸಭೆಯಲ್ಲಿ ಗೊಣಗಾಟ ಎದ್ದಿದೆ. ಗ್ರೀಕ್ ಮಾತಾಡುವ ಯೆಹೂದ್ಯರು ಹಿಬ್ರೂ ಮಾತಾಡುವವರ ಮೇಲೆ ದೂರುತ್ತಿದ್ದಾರೆ. ಕಾರಣ, ದಿನದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಭಾಷಿಕರ ವಿಧವೆಯರಿಗೆ ಪಾಲು ತಪ್ಪುತ್ತಿತ್ತು. ಅಂದರೆ ಧರ್ಮಸಭೆಯೊಳಗಿನ ಜಗಳವೊಂದನ್ನು ಈ ಗ್ರಂಥ ವಿವರಿಸುವಾಗ ಅದು ಭಾಷೆಯ ಗೆರೆಯ ಮೇಲೆಯೇ ನಿಂತಿದೆ. ನಮಗೆ ಇದು ತೀರಾ ಪರಿಚಿತ ಚಿತ್ರ.

ಪ್ರೇಷಿತರು ಏನು ಮಾಡಿದರು? ದೂರಿದವರ ಬಾಯಿ ಮುಚ್ಚಿಸಲಿಲ್ಲ. "ಇಷ್ಟು ಸಣ್ಣ ವಿಷಯಕ್ಕೆ ಗಲಾಟೆಯೇ" ಎಂದು ಬೈಯಲಿಲ್ಲ. ಎಲ್ಲರನ್ನೂ ಕರೆದರು, ಎಲ್ಲರ ಎದುರಿಗೆ ವಿಷಯ ಇಟ್ಟರು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಲು ಸಭೆಗೇ ಹೇಳಿದರು. ಆ ಏಳು ಹೆಸರುಗಳನ್ನು ಗಮನಿಸಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಸ್. ಏಳೂ ಗ್ರೀಕ್ ಹೆಸರುಗಳು. ನೊಂದವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಬಂತು ಎಂದು ಅನೇಕ ವ್ಯಾಖ್ಯಾನಕಾರರು ಇದರಿಂದ ತಿಳಿಯುತ್ತಾರೆ. ಏಳನೆಯ ವಚನದ ಪ್ರಕಾರ ಆ ಬಳಿಕ ದೇವರ ವಾಕ್ಯ ಇನ್ನಷ್ಟು ಹರಡಿತು.

ಇಲ್ಲಿ ಮೂರು ಸಂಗತಿ ಕಲಿಯಬಹುದು. ದೂರು ಖಚಿತವಾಗಿತ್ತು: ಯಾರಿಗೆ, ಏನು ತಪ್ಪಿತು ಎಂಬುದು ಸ್ಪಷ್ಟ. ದೂರು ಸರಿಪಡಿಸಬಲ್ಲವರ ಕಿವಿಗೆ ಬಿತ್ತು. ದೂರಿನ ಕೊನೆಗೆ ಹೊಟ್ಟೆಗೆ ಅನ್ನ ಸಿಕ್ಕಿತು. ಊರಿನ ವಿಷಯದ ಬಗ್ಗೆ ನಾವು ಬರೆಯುವ ಅಭಿಪ್ರಾಯವನ್ನೂ ಈ ಮೂರರಿಂದ ಅಳೆಯಬಹುದು.

2. ಲ್ಯಾಬಿನ ಮೂರು ಕಾಲಂ

ಪಿಯುಸಿ, ಪ್ಲಸ್ ಟು ಅಥವಾ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಸಾಲ್ಟ್ ಅನಾಲಿಸಿಸ್ ನೆನಪಿರಬಹುದು. ರೆಕಾರ್ಡ್ ಪುಸ್ತಕದಲ್ಲಿ ಮೂರು ಕಾಲಂ: ಪ್ರಯೋಗ, ವೀಕ್ಷಣೆ, ತೀರ್ಮಾನ. ಲವಣಕ್ಕೆ ದುರ್ಬಲ ಆಮ್ಲ ಹಾಕಿದಾಗ ಗುಳ್ಳೆ ಬಂದರೆ ವೀಕ್ಷಣೆಯ ಕಾಲಂನಲ್ಲಿ "ಗುಳ್ಳೆ ಬಂತು" ಎಂದಷ್ಟೇ ಬರೆಯಬೇಕು. "ಕಾರ್ಬೊನೇಟ್" ಎಂದು ಅಲ್ಲಿಯೇ ಬರೆದರೆ ಅಧ್ಯಾಪಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. "ಇರಬಹುದು" ಎಂಬುದು ತೀರ್ಮಾನದ ಕಾಲಂಗೆ. ಆ ಮೇಲೆ ಆ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ, ಅದು ಹಾಲಿನಂತಾಯಿತೇ ಎಂದು ನೋಡಿದ ನಂತರವೇ ಮುಂದಿನ ಮಾತು.

ಊರ ಸುದ್ದಿಗೂ ಇದೇ ರೀತಿ ಮೂರು ಕಾಲಂ ಹಾಕಿಕೊಳ್ಳೋಣ: ಕಂಡದ್ದು, ಕೇಳಿದ್ದು, ಅನಿಸಿದ್ದು.

ನಮ್ಮ ಕಡೆ ಮತ್ತೆ ಮತ್ತೆ ಏಳುವ ಒಂದು ವಿಷಯವನ್ನೇ ತೆಗೆದುಕೊಳ್ಳೋಣ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕ. ಗುಂಪಿನಲ್ಲಿ ಸುದ್ದಿ ಬಂದ ಕೂಡಲೇ ಬರುವ ಮಾತುಗಳು ಹೀಗಿರುತ್ತವೆ: "ಅವರು ಬೇಕೆಂದೇ ಕಳಿಸಿದ್ದು", "ಕನ್ನಡ ಶಾಲೆ ಮುಚ್ಚಿಸುವ ಹುನ್ನಾರ", "ಆ ಮೇಷ್ಟ್ರನ್ನು ಗೇಟಿನ ಒಳಗೆ ಬಿಡಬಾರದು".

ಇದನ್ನು ಕಾಲಂಗಳಿಗೆ ಹಾಕಿ ನೋಡಿ. ಕಂಡದ್ದು: ಎಂಟನೆಯ ತರಗತಿಯ ಮಕ್ಕಳಿಗೆ ಗಣಿತದ ಪಾಠ ಅರ್ಥವಾಗುತ್ತಿಲ್ಲ, ನೋಟ್ಸು ಖಾಲಿ ಇದೆ. ಇದನ್ನು ಹೆತ್ತವರು ಸ್ವತಃ ನೋಡಿದ್ದಾರೆ. ಕೇಳಿದ್ದು: ಕನ್ನಡ ಬಲ್ಲ ಅಭ್ಯರ್ಥಿ ಇದ್ದರೂ ಬಿಟ್ಟುಬಿಟ್ಟರಂತೆ. ಇದು ನಿಜವೂ ಇರಬಹುದು, ಸುಳ್ಳೂ ಇರಬಹುದು, ದಾಖಲೆ ನೋಡಿದರೆ ಗೊತ್ತಾಗುತ್ತದೆ. ಅನಿಸಿದ್ದು: ಇದು ಹುನ್ನಾರ.

ಈಗ ಇನ್ನೊಂದು ಕಡೆಯಿಂದ ನೋಡೋಣ. ನೇಮಕಾತಿ ಆದೇಶ ಹಿಡಿದುಕೊಂಡು ತೆಂಕಣ ಜಿಲ್ಲೆಯಿಂದ ರಾತ್ರಿ ರೈಲು ಹತ್ತಿ ಬಂದ ಆ ಯುವ ಅಧ್ಯಾಪಕನೂ ಈ ಶಾಲೆಯನ್ನು ತಾನೇ ಆರಿಸಿಕೊಂಡವನಾಗಿರಲಾರ. ವರ್ಷಗಟ್ಟಲೆ ಪರೀಕ್ಷೆಗೆ ಓದಿ ಸಿಕ್ಕಿದ ಮೊದಲ ಕೆಲಸ ಅದು. ಭಾನುವಾರ ಅವನು ನಮ್ಮದೇ ದೇವಾಲಯದ ಹಿಂದಿನ ಬೆಂಚಿನಲ್ಲಿ, ಅರ್ಥವಾಗದ ಭಾಷೆಯ ಬಲಿಪೂಜೆಯಲ್ಲಿ ಮೊಣಕಾಲೂರಿ ಕುಳಿತಿರಬಹುದು. ಅವನ ಫೋಟೊ ಹಾಕಿ ಬರೆದ ಮಾತಿನಿಂದ ಎಂಟನೆಯ ತರಗತಿಯ ಒಬ್ಬ ಮಗುವಿಗೂ ಗಣಿತ ಅರ್ಥವಾಗುವುದಿಲ್ಲ. ಮಕ್ಕಳ ಹಕ್ಕಿಗಾಗಿ ನಾವು ಜೋರಾಗಿ ಮಾತಾಡಲೇಬೇಕು. ಆ ಜೋರು ಕಂಡದ್ದರ ಮೇಲೆ ನಿಲ್ಲಲಿ, ನೇಮಕ ಮಾಡಿದ ವ್ಯವಸ್ಥೆಯ ಕಡೆ ತಿರುಗಲಿ.

3. ಪಡ್ರೆ ಗ್ರಾಮದ ಪಾಠ

ಸಾಮಾನ್ಯ ಜನರ ಅಭಿಪ್ರಾಯಕ್ಕೆ ಬೆಲೆ ಇಲ್ಲ ಎನ್ನುವವರು ನಮ್ಮದೇ ಜಿಲ್ಲೆಯ ಎಂಡೋಸಲ್ಫಾನ್ ಕಥೆಯನ್ನು ಓದಬೇಕು. ಗೇರು ತೋಟಗಳ ಮೇಲೆ ವರ್ಷ ವರ್ಷವೂ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸಿಂಪಡಿಸಲಾಗುತ್ತಿತ್ತು. 2000ದವರೆಗೂ ಅದು ನಡೆಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು ತಾವು ಕಂಡದ್ದನ್ನು ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಅಸಹಜವೆನಿಸುವಷ್ಟು ಕಾಯಿಲೆಗಳನ್ನು ಗಮನಿಸಿ ಬರೆದಿಟ್ಟರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು.

ಇವರಲ್ಲಿ ಯಾರೂ ಮೊದಲ ದಿನವೇ ತೀರ್ಪು ಬರೆಯಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂಬ ವೀಕ್ಷಣೆಯ ಕಾಲಂ ಮೊದಲು ತುಂಬಿತು. ಅದಕ್ಕೇ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲು ಆಗಲಿಲ್ಲ. ಅವರ ಕೈಯಲ್ಲಿ ಸ್ಮಾರ್ಟ್ ಫೋನು ಇರಲಿಲ್ಲ. ನಮ್ಮ ಕೈಯಲ್ಲಿದೆ. ದಿನಾಂಕ, ಸ್ಥಳ, ಚಿತ್ರ ಸಮೇತ ಒಂದು ಚರಂಡಿಯ ದುಸ್ಥಿತಿಯನ್ನು ದಾಖಲಿಸುವುದೂ ನೆರೆಯವರ ಪ್ರೀತಿಯ ಕೆಲಸವೇ.

4. ಕೇಳಿದ್ದನ್ನು ಕಂಡದ್ದೆಂದು ಹೇಳಿದಾಗ

ಇದಕ್ಕೆ ತದ್ವಿರುದ್ಧವಾದ ಪಾಠವೂ ನಮ್ಮ ನೆನಪಿನಲ್ಲಿರಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಯಾಪ್ ಸಂದೇಶ ಹಲವು ರಾಜ್ಯಗಳಲ್ಲಿ ಹರಿದಾಡಿತು. ಆ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಜನ ಹೊಡೆದು ಕೊಂದರು. ಅವರು ಸೊಲ್ಲಾಪುರ ಜಿಲ್ಲೆಯಿಂದ ಭಿಕ್ಷೆ ಬೇಡಿ ಬದುಕಲು ಬಂದ ಅಲೆಮಾರಿಗಳು. ಎರಡು ವಾರದೊಳಗೆ, ಜುಲೈ 13ರಂದು, ನಮ್ಮ ಭಾಷೆಯ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟ ಪ್ರವಾಸಿಗರ ಚಿತ್ರ ಮುಂದಿನ ಊರಿಗೆ ಫೋನಿನಲ್ಲಿ ಮೊದಲೇ ತಲುಪಿತು. ಮುರ್ಕಿ ಗ್ರಾಮದಲ್ಲಿ ರಸ್ತೆ ಅಡ್ಡಗಟ್ಟಿದರು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಸತ್ತರು, ಜೊತೆಗಿದ್ದವರು ಗಾಯಗೊಂಡರು.

ಆ ಸಂದೇಶ ಕಳಿಸಿದ ಹೆಚ್ಚಿನವರು ಯಾರನ್ನೂ ಕೊಲ್ಲಬೇಕೆಂದು ಕಳಿಸಿದವರಾಗಿರಲಾರರು. "ಇರಲಿ, ಎಚ್ಚರಿಕೆಗೆ" ಎಂದು ಕಳಿಸಿದರು. ಒಂದು ಸಣ್ಣ ಕಿಡಿ ದೊಡ್ಡ ಕಾಡನ್ನು ಸುಡುತ್ತದೆ ಎಂದು ನಾಲಿಗೆಯ ಬಗ್ಗೆ ಸಂತ ಯಕೋಬರು ಬರೆದದ್ದರ ಅರ್ಥ ಇಲ್ಲಿ ತಿಳಿಯುತ್ತದೆ. ಅದೇ ಜುಲೈಯಲ್ಲಿ ವಾಟ್ಸ್ಯಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು. 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಆ ಗುರುತು ಕಂಡರೆ ಅದು "ಕೇಳಿದ್ದು" ಕಾಲಂಗೆ ಸೇರಿದ್ದೆಂದು ತಿಳಿಯಿರಿ.

ಗೆಳೆಯನ ಬಗ್ಗೆ ಏನಾದರೂ ಕೇಳಿದರೆ ಮೊದಲು ಅವನನ್ನೇ ವಿಚಾರಿಸು, ಬಹುಶಃ ಅವನು ಅದನ್ನು ಮಾಡಿರಲಿಕ್ಕಿಲ್ಲ ಎಂಬ ಅರ್ಥದ ಮಾತನ್ನು ಸಿರಾಖನು ಹೇಳುತ್ತಾನೆ. ಒಂದು ಫೋನ್ ಕರೆಯಲ್ಲಿ ಮುಗಿಯುವ ಕೆಲಸ ಅದು.

5. ನಿಜವಾದರೂ ಹಂಚಬಾರದ್ದು

"ಸುಳ್ಳಲ್ಲವಲ್ಲ, ನಿಜವನ್ನೇ ತಾನೇ ಹಾಕಿದ್ದು?" ಎಂಬ ಪ್ರಶ್ನೆ ಯುವಜನರಿಂದ ಬರುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2477ನೆಯ ಪರಿಚ್ಛೇದ ಮೂರು ತಪ್ಪುಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಸಾಕಷ್ಟು ಆಧಾರವಿಲ್ಲದೆ ಒಬ್ಬರ ತಪ್ಪನ್ನು ನಂಬಿಬಿಡುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ನ್ಯಾಯವಾದ ಕಾರಣವಿಲ್ಲದೆ ಒಬ್ಬರ ನಿಜವಾದ ದೋಷವನ್ನೇ ಅದು ತಿಳಿಯದವರಿಗೆ ಬಯಲು ಮಾಡುವುದು ಮತ್ತೊಂದು. ಕೊನೆಯದು ಸತ್ಯವೇ ಆದರೂ ತಪ್ಪೇ.

ಒಂದು ಮನೆಯ ಗೋಡೆಗೆ ಬ್ಯಾಂಕಿನ ಜಪ್ತಿ ನೋಟಿಸು ಅಂಟಿಸಿದ್ದಾರೆ ಎಂದುಕೊಳ್ಳಿ. ನೋಟಿಸು ನಿಜ, ಸಾಲವೂ ನಿಜ. ಅದರ ಫೋಟೊ ವಾರ್ಡಿನ ಗುಂಪಿಗೆ ಬಂದ ಸಂಜೆ ಆ ಮನೆಯ ಅಪ್ಪ ಅಂಗಡಿಗೆ ಹೋಗುವುದನ್ನು ನಿಲ್ಲಿಸುತ್ತಾರೆ, ಮಗಳು ಕ್ವಾಯರಿಗೆ ಬರುವುದಿಲ್ಲ. ಅದೇ ಸುದ್ದಿಯನ್ನು ವಾಡೆಯ ಗುರಿಕಾರರಿಗೋ ಫಾದರರಿಗೋ ಮೆಲ್ಲನೆ ತಿಳಿಸಿದ್ದರೆ ಸಹಾಯದ ದಾರಿ ತೆರೆಯಬಹುದಿತ್ತು. ಹೇಳಬೇಕಾದವರಿಗೆ ಹೇಳಿದರೆ ಕಾಳಜಿ, ಎಲ್ಲರಿಗೂ ಹೇಳಿದರೆ ಅವಮಾನ.

ಮಕ್ಕಳ ವಿಷಯದಲ್ಲಿ ಕಾನೂನೂ ಸ್ಪಷ್ಟ. ದೌರ್ಜನ್ಯಕ್ಕೊಳಗಾದ ಅಥವಾ ಪ್ರಕರಣದಲ್ಲಿ ಸಿಕ್ಕಿಕೊಂಡ ಮಗುವಿನ ಹೆಸರು, ಶಾಲೆ, ಮನೆ, ಫೋಟೊ ಹೀಗೆ ಗುರುತು ಸಿಗುವ ಯಾವುದನ್ನೂ ಹರಡುವಂತಿಲ್ಲ. "ನ್ಯಾಯ ಸಿಗಲಿ" ಎಂದು ಬರೆದು ಮಗುವಿನ ಫೋಟೊ ಹಾಕುವುದೂ ಅಪರಾಧವೇ.

6. "ಅವರು" ಎಂಬ ಪದ

2020ರ ಮಾರ್ಚ್ ಕೊನೆಗೆ ಕೊರೊನಾ ಭಯದಲ್ಲಿ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿತು. ಕೆಲವು ಕಡೆ ಮಣ್ಣು ಸುರಿಯಲಾಯಿತು. ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದರು. ಸಕಾಲಕ್ಕೆ ಆಸ್ಪತ್ರೆ ಸೇರಲಾಗದೆ ಜನ ತೀರಿಕೊಂಡ ಸುದ್ದಿಗಳು ಬಂದವು. ಇಂಥ ಹೊತ್ತಿನಲ್ಲಿ "ಕೇರಳದವರು", "ಕರ್ನಾಟಕದವರು" ಎಂದು ಎರಡು ಬಣ ಮಾಡುವುದು ಬಲು ಸುಲಭ. ಆದರೆ ಆ ಆಂಬುಲೆನ್ಸುಗಳಲ್ಲಿ ಮಲಗಿದ್ದವರಿಗೆ ಒಂದೇ ಭಾಷೆ ಇರಲಿಲ್ಲ. ಗಡಿಯ ಎರಡೂ ಬದಿಯಲ್ಲಿ ನಮ್ಮವರೇ ಇದ್ದರು.

ದಾರಿ ತೆರೆದದ್ದು ಹೇಗೆ? ತುರ್ತು ಚಿಕಿತ್ಸೆಯ ರೋಗಿಗಳಿಗೆ ರಸ್ತೆ ಬಿಡಬೇಕು ಎಂಬ ಖಚಿತ ಬೇಡಿಕೆ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಅಡೆತಡೆ ತೆಗೆಸಬೇಕೆಂದು ಹೇಳಿತು. ಏಪ್ರಿಲ್ 7ರ ಹೊತ್ತಿಗೆ, ರೋಗಿಗಳನ್ನು ದಾಟಿಸುವ ಕ್ರಮಕ್ಕೆ ಎರಡೂ ಕಡೆಯವರು ಒಪ್ಪಿದ್ದಾರೆಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು. ಜೆರುಸಲೇಮಿನ ವಿಧವೆಯರ ದೂರಿನ ಹಾಗೆಯೇ ಇದೂ: ಯಾರಿಗೆ ಏನು ತಪ್ಪಿದೆ ಎಂದು ಹೇಳಿದ್ದಕ್ಕೆ ಬಾಗಿಲು ತೆರೆಯಿತು.

ಬರೆದ ಸಾಲಿನಲ್ಲಿ "ಅವರು" ಇದ್ದರೆ ಒಂದು ಕ್ಷಣ ನಿಲ್ಲೋಣ. ಆ ಪದದ ಜಾಗದಲ್ಲಿ ಒಂದು ಭಾಷೆ, ಜಾತಿ, ಧರ್ಮದ ಹೆಸರು ಕೂರುತ್ತಿದ್ದರೆ ಅದನ್ನು ಅಳಿಸೋಣ. ಒಂದು ಕಚೇರಿ, ಒಂದು ಆದೇಶ, ಒಂದು ಹುದ್ದೆಯ ಹೆಸರು ಬರುತ್ತಿದ್ದರೆ ಅದನ್ನೇ ಬರೆಯೋಣ. ನಾವು ಒಬ್ಬರಿಗೊಬ್ಬರು ಅಂಗಗಳು, ಆದುದರಿಂದ ನೆರೆಯವನೊಡನೆ ಸತ್ಯ ಮಾತಾಡಬೇಕು ಎಂದು ಸಂತ ಪೌಲರು ಎಫೆಸದವರಿಗೆ ಬೋಧಿಸಿದ್ದನ್ನು ಗಮನಿಸಿ. ಸತ್ಯಕ್ಕೆ ಅವರು ಕೊಡುವ ಕಾರಣವೇ ಒಂದೇ ದೇಹವಾಗಿರುವುದು.

7. ದೂರು ತಲುಪಬೇಕಾದ ಬಾಗಿಲು

ಗುಂಪಿನಲ್ಲಿ ಬರೆದದ್ದು ಗುಂಪಿನವರಿಗೆ ತಲುಪುತ್ತದೆ, ರಸ್ತೆ ರಿಪೇರಿ ಮಾಡುವವರಿಗೆ ತಲುಪಬೇಕೆಂದಿಲ್ಲ. ಆದ್ದರಿಂದ ಈ ಬಾಗಿಲುಗಳನ್ನು ತಿಳಿದಿರೋಣ.

ಗ್ರಾಮಸಭೆ: ಕೇರಳದಲ್ಲಿ ಪ್ರತಿ ವಾರ್ಡಿಗೆ ಒಂದು ಗ್ರಾಮಸಭೆ. ಕಾನೂನಿನಂತೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನೂರು ಲೈಕಿಗಿಂತ ಅಲ್ಲಿ ಎತ್ತಿದ ಒಂದು ಕೈಗೆ ಬೆಲೆ ಹೆಚ್ಚು.

ಕನ್ನಡದಲ್ಲಿ ಅರ್ಜಿ: ಸಂವಿಧಾನದ 350ನೆಯ ವಿಧಿ, ಕಷ್ಟ ಪರಿಹಾರಕ್ಕಾಗಿ ಕೊಡುವ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಮಲಯಾಳ ಬರೆಯಲು ಬಾರದ ಅಜ್ಜಿಗೂ ಈ ಹಕ್ಕಿದೆ. ಅವರ ಅರ್ಜಿ ಬರೆದುಕೊಡುವುದು ನಮ್ಮ ಘಟಕದ ಒಳ್ಳೆಯ ಸೇವೆಯಾದೀತು.

ಮಾಹಿತಿ ಹಕ್ಕು: "ಅಂತೆ" ಎಂಬುದನ್ನು ತಿಳಿದುಕೊಳ್ಳುವ ದಾರಿ ಇದು. 10 ರೂಪಾಯಿ ಶುಲ್ಕದ ಅರ್ಜಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ಧರ್ಮಕೇಂದ್ರದೊಳಗಿನ ವಿಷಯ: ಬಲಿಪೂಜೆಯ ಭಾಷೆ, ಹಬ್ಬದ ಖರ್ಚು, ಕ್ವಾಯರಿನ ಸರದಿ ಇವುಗಳ ಬಗ್ಗೆ ಗುರಿಕಾರರಿಗೂ ಪಾಲನಾ ಮಂಡಳಿಗೂ ಹೇಳುವ ಹಕ್ಕು ನಮಗಿದೆ. ಸಹೋದರನ ತಪ್ಪನ್ನು ಮೊದಲು ಅವನಿಗೊಬ್ಬನಿಗೇ, ಬಳಿಕ ಒಂದಿಬ್ಬರ ಜೊತೆ, ಕೊನೆಗೆ ಸಭೆಗೆ ಹೇಳುವ ಕ್ರಮವನ್ನು ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಕಲಿಸಿದ್ದಾರೆ. ಗುಂಪಿನಲ್ಲಿ ಮೊದಲು ಹಾಕಿ ಆಮೇಲೆ ಅವರಿಗೆ ಹೇಳುವುದು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ.

ಈ ವಾರದ ಅಭ್ಯಾಸ

ಊರಿನ ಯಾವುದಾದರೂ ಒಂದು ಸಮಸ್ಯೆ ಆರಿಸಿಕೊಳ್ಳಿ. ಹಾಳೆಯಲ್ಲಿ ಮೂರು ಕಾಲಂ ಎಳೆದು ಕಂಡದ್ದು, ಕೇಳಿದ್ದು, ಅನಿಸಿದ್ದು ಬೇರೆ ಬೇರೆ ಬರೆಯಿರಿ. ಕೇಳಿದ್ದರಲ್ಲಿ ಒಂದನ್ನಾದರೂ ವಿಚಾರಿಸಿ ಖಚಿತಪಡಿಸಿ. ಆ ಮೇಲೆ ಐದು ಸಾಲಿನ ಅಭಿಪ್ರಾಯ ಬರೆದು, ಅದು ಯಾವ ಬಾಗಿಲಿಗೆ ಹೋಗಬೇಕೆಂದು ಮೇಲೆ ನಮೂದಿಸಿ ಕೂಟಕ್ಕೆ ತನ್ನಿ. ಆಯ್ದ ಎರಡು ವಿಷಯಗಳಿಗೆ ನಾವೆಲ್ಲ ಸೇರಿ ಅರ್ಜಿ ತಯಾರಿಸೋಣ.

ಚರ್ಚೆಗೆ ಪ್ರಶ್ನೆಗಳು

1. ಜೆರುಸಲೇಮಿನ ಗ್ರೀಕ್ ಭಾಷಿಕರು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಹಿಬ್ರೂ ಭಾಷಿಕರನ್ನೆಲ್ಲ ಬೈಯುತ್ತಾ ಇದ್ದಿದ್ದರೆ ಏನಾಗುತ್ತಿತ್ತು?
2. ನಮ್ಮ ಧರ್ಮಕೇಂದ್ರದಲ್ಲಿ ಇಂದು "ಪಾಲು ತಪ್ಪಿದವರು" ಯಾರು? ಅವರ ಮಾತು ಯಾವ ಭಾಷೆಯಲ್ಲಿ ಬರುತ್ತಿದೆ, ನಮಗೆ ಕೇಳಿಸುತ್ತಿದೆಯೇ?
3. ಗುಂಪಿನಲ್ಲಿ ಒಬ್ಬರ ಮೇಲೆ ಆಧಾರವಿಲ್ಲದ ಮಾತು ಬಂದಾಗ, ಬರೆದವರಿಗೆ ಅವಮಾನವಾಗದಂತೆ ಹೇಗೆ ತಡೆಯಬಹುದು? ಅವರು ವಯಸ್ಸಿನಲ್ಲಿ ಹಿರಿಯರಾಗಿದ್ದರೆ?
4. ಹೇಳಬೇಕಾದಾಗ ಸುಮ್ಮನಿರುವುದು ಯಾವಾಗ ತಪ್ಪಾಗುತ್ತದೆ?

ಮುಕ್ತಾಯದ ಪ್ರಾರ್ಥನೆ

ಷಾಬ್ಲೆ ಪ್ರಾಂತದಲ್ಲಿ ತನ್ನ ಮಾತು ಕೇಳಲು ಬಾರದವರಿಗಾಗಿ ಕರಪತ್ರ ಬರೆದು ಬಾಗಿಲ ಸಂದಿನಿಂದ ಒಳಗೆ ತಳ್ಳಿದ ಸಂತ ಫ್ರಾನ್ಸಿಸ್ ದ ಸಾಲ್ಸರನ್ನು ಜಗದ್ಗುರು ಹನ್ನೊಂದನೆಯ ಪಿಯುಸರು 1923ರಲ್ಲಿ ಬರಹಗಾರರ, ಪತ್ರಕರ್ತರ ಪಾಲಕ ಸಂತರೆಂದು ಸಾರಿದರು. ಅವರ ಮಧ್ಯಸ್ಥಿಕೆಯನ್ನು ಬೇಡಿ ಹೀಗೆ ಪ್ರಾರ್ಥಿಸೋಣ:

ಕರುಣಾಳು ಪ್ರಭುವೇ, ನಾಲ್ಕು ಭಾಷೆಯ ಈ ನೆಲದಲ್ಲಿ ನಮ್ಮನ್ನು ಒಂದೇ ಕುಟುಂಬವಾಗಿ ಇರಿಸಿದ್ದೀರಿ. ಕಂಡದ್ದನ್ನು ಹೇಳುವ ಧೈರ್ಯ ಕೊಡಿ, ಕೇಳಿದ್ದನ್ನು ವಿಚಾರಿಸುವ ತಾಳ್ಮೆ ಕೊಡಿ, ಅನಿಸಿದ್ದನ್ನು ತೂಗಿ ನೋಡುವ ವಿವೇಕ ಕೊಡಿ. ನಮ್ಮ ಬೆರಳ ತುದಿಯಿಂದ ಯಾರ ಮನೆಯ ದೀಪವೂ ಆರದಿರಲಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ. ಆಮೆನ್.